ಬಾಗಿಲಂಚಿನ ಬಿಳಿ ಚುಕ್ಕೆ

ಪಾಲಿಶ್ ಮೇಸ್ತ್ರಿಯವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದಕ್ಕಿರುತ್ತಿತ್ತು. ಕಾರಿನ ಮೇಲಿನ ಗೀರಿಗೆ ಅಡ್ಡಲಾಗಿ ಅದನ್ನು ಮೆಲ್ಲಗೆ ಎಳೆಯುವರು. ಸಿಕ್ಕಿಕೊಂಡರೆ, “ಇದು ಹೋಗಲ್ಲ ಕಣಮ್ಮ, ಮಂಕಾಗುತ್ತೆ ಅಷ್ಟೆ” ಎನ್ನುವರು. ಜಾರಿದರೆ ಪಾಲಿಶ್ ಮೆಷಿನ್ನಿಗೆ ಸುತ್ತಿಟ್ಟ ವೈರು ಬಿಚ್ಚಿ ಕೆಲಸ ಶುರುಮಾಡುವರು.

ಮಂಡಿ ಮೊಹಲ್ಲಾದ ಅವರ ಶೆಡ್ಡಿಗೆ ನಾನು ಮೊದಲ ಸಲ ಹೋದದ್ದು ಕಳ್ಳಿಯ ಹಾಗೆ. ಮಾವ ಮಗಳ ಮನೆಗೆ ಹೋಗಿದ್ದರು. ಸ್ವಂತ ಮಗನಿಗೂ ಕೊಡದ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಹದಿನೈದು ವರ್ಷದ ಕಡುನೀಲಿ ಕಾರು. ತೊಳೆದು ಮೆಚ್ಚಿಸೋಣವೆಂದು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಲ್ಲಿ ಚೆನ್ನಾಗಿ ತಿಕ್ಕಿದೆ. ಒಣಗಿದ ಮೇಲೆ ಬಿಸಿಲಲ್ಲಿ ನೋಡಿದರೆ ಮೈತುಂಬ ಜೇಡರ ಬಲೆಯಂಥ ಗೀರುಗಳು.

ಮೇಸ್ತ್ರಿ ಎಲ್ಲ ಕೇಳಿಸಿಕೊಂಡು, “ಪಾತ್ರೆ ಚೆನ್ನಾಗಿ ಬೆಳಗ್ತೀರಿ” ಎಂದರು. ನಗಲಿಲ್ಲ.

ಅವರು ಮೊದಲು ಬೀಟೆಮರದ ಪೆಟ್ಟಿಗೆಗಳಿಗೆ ಪಾಲಿಶ್ ಹಚ್ಚುತ್ತಿದ್ದವರು. ಆ ಕೆಲಸ ಕಡಿಮೆಯಾದ ಮೇಲೆ ಕಾರಿಗೆ ಬಂದರು. ಕಾರನ್ನು ತೊಳೆದು, ಒರೆಸಿ, ಅಂಚುಗಳಿಗೆಲ್ಲ ಕಾಗದದ ಟೇಪು ಅಂಟಿಸಿದರು. “ಅಂಚಲ್ಲಿ ಬಣ್ಣ ತೆಳ್ಳಗಿರುತ್ತೆ. ತಿರುಗೋ ಮೆಷಿನ್ ಒಂದೇ ಕಡೆ ನಿಂತರೆ ಸುಟ್ಟುಬುಡುತ್ತೆ.” ಮೆಷಿನ್ನಿನ ಸ್ಪಂಜಿಗೆ ಕಾಂಪೌಂಡ್ ಎನ್ನುವ ಪೇಸ್ಟು ಹಚ್ಚಿ ಅರ್ಧ ಬಾನೆಟ್ ಮುಗಿಸುವಷ್ಟರಲ್ಲಿ ಆ ನೀಲಿಯೊಳಗೆ ಎದುರು ಅಂಗಡಿಯ ಮೂಟೆಗಳು, ಆಕಾಶ, ನನ್ನ ಪೆಚ್ಚು ಮುಖ ಎಲ್ಲವೂ ಕಂಡವು.

ನನಗೆ ಆಸೆ ತಡೆಯಲಾಗಲಿಲ್ಲ. ಒಂದು ಬಾಗಿಲು ನಾನು ಮಾಡಲೇ ಎಂದು ಕೇಳಿದೆ. ಅವರು ಬಳೆ ತೆಗೆದಿಡಲು ಹೇಳಿ ಮೆಷಿನ್ ಕೊಟ್ಟರು. ಗೀರು ಮಾಯವಾಗುವುದನ್ನು ನೋಡುತ್ತ ಮೈಮರೆತೆ. ಅಂಚಿನ ಟೇಪು ಕಿತ್ತುಬಂದದ್ದು ಗೊತ್ತೇ ಆಗಲಿಲ್ಲ. ನಿಲ್ಲಿಸಿದಾಗ ಅಲ್ಲಿ ನೀಲಿ ಹೋಗಿ ಹುಣಸೆಬೀಜದಷ್ಟು ಬಿಳಿ ಕಾಣುತ್ತಿತ್ತು.

ಅಲ್ಲೇ ಕೂತು ಅಳತೊಡಗಿದೆ. ಮೇಸ್ತ್ರಿ ನೀರು ಕೊಟ್ಟರು. “ಮೆಷಿನ್ ನಂದು, ಶೆಡ್ ನಂದು. ನಿಮ್ಮ ಮಾವಂಗೆ ನಾನೇ ಹೇಳ್ತೀನಿ.”

ಮಾವ ಮರಳಿದ ದಿನ ಬೆಳಿಗ್ಗೆಯೇ ಮೇಸ್ತ್ರಿ ಸಿಟಿ ಬಸ್ಸಿನಲ್ಲಿ ವಿಜಯನಗರದ ನಮ್ಮ ಮನೆಗೆ ಬಂದರು. ಗೇಟಿನಲ್ಲೇ ನಿಂತು, “ಸ್ವಾಮಿ, ಸೊಸೆಯವರು ಕಾರು ಪಾಲಿಶ್‌ಗೆ ತಂದಿದ್ರು. ನಮ್ಮ ಶೆಡ್ಡಲ್ಲಿ ಕೈ ತಪ್ಪಿಹೋಯ್ತು. ಅಷ್ಟು ಜಾಗಕ್ಕೆ ಬಣ್ಣ ಹೊಡೆಸಿಕೊಡ್ತೀನಿ” ಎಂದರು.

“ಇಷ್ಟು ವಯಸ್ಸಾಗಿದೆ. ಕೆಲಸ ಬರದಿದ್ರೆ ಯಾಕ್ರೀ ಮುಟ್ತೀರಿ?” ಮಾವನ ದನಿ ಬೀದಿಗೆಲ್ಲ ಕೇಳಿಸಿತು.

ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು. ನಾನು ಕಾಫಿ ಲೋಟ ಹಿಡಿದು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ಹೊರಗೆ ಹೋಗಲಿಲ್ಲ. ಅವರು ಕಾಫಿ ಕುಡಿಯದೆ ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಸ್ಕ್ರಬ್ಬರಿನಿಂದ ಹಿಡಿದು ಎಲ್ಲವನ್ನೂ ಮಾವನಿಗೆ ಹೇಳಿದೆ. ಅವರು ಅರ್ಧಕ್ಕೇ ಎದ್ದು ಕೈ ತೊಳೆದು, “ಕಾರು ತೆಗಿ” ಎಂದರು. ಶೆಡ್ಡಿನಲ್ಲಿ ಮೇಸ್ತ್ರಿಯವರಿಗೆ ಕೈಮುಗಿದರು. “ಅನ್ನಬಾರದ್ದು ಅಂದ್ಬುಟ್ಟೆ.”

ಮೇಸ್ತ್ರಿ ಗಾಬರಿಯಾಗಿ ಸ್ಟೂಲು ಎಳೆದು ಹಾಕಿದರು. “ಬುಡಿ ಸ್ವಾಮಿ. ನಿಮ್ಮ ಸೊಸೆಗೆ ಕೈ ಚೆನ್ನಾಗಿದೆ, ಅವಸರ ಜಾಸ್ತಿ. ಕಳಿಸಿ, ಕಲಿಸ್ತೀನಿ.”

ಎರಡು ವರ್ಷ ಹೋದೆ. ಕೆಳಗೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ಮುಟ್ಟಿಸಿದರೆ ಅವರಿಗೆ ಕೋಪ ಬರುತ್ತಿತ್ತು, ಇನ್ಯಾವುದಕ್ಕೂ ಬರುತ್ತಿರಲಿಲ್ಲ. “ಒಂದು ಗೀರೂ ಉಳೀಬಾರದು ಅಂತ ಹಟ ಹಿಡಿದ್ರೆ ಬಣ್ಣವೇ ಉಳಿಯಲ್ಲ” ಎನ್ನುತ್ತಿದ್ದರು. ಈಗ ಇಲವಾಲದ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೇ ಶೆಡ್ ಇದೆ.

ಹೋದ ವರ್ಷ ಅವರು ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. ಆ ದಿನ ಪರದೆಯ ಹಿಂದೆ ನಿಂತದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಂಡಿದ್ದೆ. “ಆವತ್ತು ನಮ್ಮನೆ ಗೇಟಲ್ಲಿ...” ಎಂದು ಶುರುಮಾಡಿದೆ.

“ಇವತ್ತು ಯಾವ ಗಾಡಿ ಬಂದಿದೆ?” ಎಂದು ಅವರು ಮಾತು ತಿರುಗಿಸಿದರು.

“ಕಪ್ಪುದು. ಹಳೇದು.”

“ಕಪ್ಪಲ್ಲಿ ಎಲ್ಲಾ ಕಾಣುತ್ತೆ. ನಿಧಾನ ಕಣಮ್ಮ.”

ಮೂರನೆಯ ದಿನ ತೀರಿಕೊಂಡರು. ಎರಡು ದಿನದಲ್ಲಿ ಮುಗಿಯಬೇಕಿದ್ದ ಆ ಕಾರಿಗೆ ನಾನು ಒಂದು ವಾರ ತೆಗೆದುಕೊಂಡೆ.