ಹನ್ನೆರಡು ಕಂಬಗಳಿಗೆ ನೀರು

ಗಾಳಿ, ಭೂತ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಮೂವತ್ತು ವರ್ಷ ಸಿಮೆಂಟು, ಜಲ್ಲಿ, ಕಬ್ಬಿಣದ ಜೊತೆ ಏಗಿದ ಸರ್ಕಾರಿ ಎಂಜಿನಿಯರ್. ಟೇಪು ಹಿಡಿದು ಅಳೆಯಲಾಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಹೆಂಡತಿಯ ಅಣ್ಣ ಕಳಸದವರು. ಊಟಕ್ಕೆ ಕೂತಾಗಲೆಲ್ಲ ಇಂಥದ್ದೊಂದು ಕಥೆ ಹೇಳುತ್ತಿದ್ದರು, ನಾನು ನಕ್ಕು ಅವರ ಊಟದ ರುಚಿ ಕೆಡಿಸುತ್ತಿದ್ದೆ. ಈಗ ನಾನೂ ಅದೇ ಸಾಲಿಗೆ ಸೇರುತ್ತಿದ್ದೇನೆ. ನಗುವವರು ನಗಬಹುದು, ನನಗೆ ಬೇಜಾರಿಲ್ಲ.

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು ಚಿಕ್ಕಮಗಳೂರಿನಲ್ಲಿ ನಡೆದದ್ದು ಇದು. ಹೂ ಮಾರುವವರು ಕೂರುತ್ತಿದ್ದ ಒಂದು ಹಳೆಯ ಶೆಡ್ಡನ್ನು ಕೆಡವಿ, ಅಲ್ಲೇ ಮಳಿಗೆಗಳ ಕಟ್ಟಡ ಕಟ್ಟುವ ಯೋಜನೆ. ಒಂದೇ ವರ್ಷ, ಆಮೇಲೆ ನಿಮ್ಮ ನಿಮ್ಮ ಮಳಿಗೆ ನಿಮಗೆ ಎಂದು ಹೇಳಿ ಅವರನ್ನೆಲ್ಲ ಎಬ್ಬಿಸಿ ಎದುರಿನ ಚರಂಡಿಯ ಅಂಚಿಗೆ ಕಳಿಸಿದ್ದೆವು. ಹಾಗೆ ಹೇಳಿದವನು ನಾನೇ. ಅವರಲ್ಲಿ ರತ್ನಮ್ಮ ಎಂಬ ಅರವತ್ತು ದಾಟಿದ ಹೆಂಗಸು ತಮಗೆ ಕೊಟ್ಟ ಮಳಿಗೆಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ನಾನು ಸ್ಕೂಟರ್ ನಿಲ್ಲಿಸಿದಾಗಲೆಲ್ಲ ಅವರದು ಒಂದೇ ಪ್ರಶ್ನೆ.

"ಈ ಮಳೆಗಾಲಕ್ಕೆ ಮುಂಚೆ ತಲೆ ಮೇಲೊಂದು ಸೂರಾಗುತ್ತಾ ಸಾರ್?"

ಆಗುತ್ತದೆ ಎನ್ನುತ್ತಿದ್ದೆ. ನಮ್ಮೂರಿನ ಮಳೆಯಲ್ಲಿ ಚರಂಡಿ ಪಕ್ಕ ಕೊಡೆ ಹಿಡಿದುಕೊಂಡು ಹೂ ಮಾರುವುದು ಎಂಥ ಪಾಡೆಂದು ನೋಡಿದವರಿಗೆ ಗೊತ್ತು.

ಫೆಬ್ರುವರಿಯಲ್ಲಿ ಹನ್ನೆರಡು ಕಂಬಗಳಿಗೆ ಕಾಂಕ್ರೀಟ್ ತುಂಬಿದೆವು. ಹೊಸ ಕಾಂಕ್ರೀಟಿಗೆ ಗೋಣಿತಾಟು ಸುತ್ತಿ ಕಡೇಪಕ್ಷ ಎರಡು ವಾರ ಬಿಡದೆ ನೀರುಣಿಸಬೇಕು. ಕ್ಯೂರಿಂಗ್ ಎನ್ನುತ್ತಾರೆ. ಅದು ತಪ್ಪಿದರೆ ಕಂಬ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆ ಬಲವಿರುವುದಿಲ್ಲ. ಮೂರನೇ ದಿನ ಗುತ್ತಿಗೆದಾರ ಆಳುಗಳ ಸಮೇತ ನಾಪತ್ತೆಯಾದ. ಫೋನ್ ಸ್ವಿಚ್ ಆಫ್. ಅದೇ ದಿನ ಕೇಬಲ್‌ನವರು ಬಂದು, ಹಿಂದಿನ ತಿಂಗಳಷ್ಟೇ ಮುಚ್ಚಿದ್ದ ರಸ್ತೆಯನ್ನು ಮತ್ತೆ ಅಗೆದು, ನೀರಿನ ಪೈಪು ಒಡೆದು ಹೋದರು. ಒಂದು ಟ್ಯಾಂಕರ್ ಕೊಡಿ ಎಂದು ಮೇಲಧಿಕಾರಿಯ ಮುಂದೆ ಹೋಗಿ ನಿಂತೆ. ನೀರು ಹಾಕುವುದು ಗುತ್ತಿಗೆದಾರನ ಜವಾಬ್ದಾರಿ, ನಾವು ಹಾಕಿದರೆ ನಿಯಮ ಮುರಿದಂತೆ ಎಂದರು. ಗುತ್ತಿಗೆದಾರನೇ ಇಲ್ಲವಲ್ಲ ಎಂದೆ. ನೋಟಿಸು ಕಳಿಸಿದ್ದೇವೆ, ಉತ್ತರ ಬರಲಿ ಎಂದರು. ಮೈಯೆಲ್ಲ ಉರಿದುಹೋಯಿತು. ಅಳುವ ಮಗುವಿಗೆ ಹಾಲು ಕೊಡಲು ಓಡಿಹೋದ ಅಪ್ಪನ ಒಪ್ಪಿಗೆ ಕೇಳಿದ ಹಾಗಿತ್ತು ಇವರ ನ್ಯಾಯ.

ಮಾರನೆಯ ಬೆಳಿಗ್ಗೆ ಆ ದಾರಿಯಲ್ಲಿ ಹೋದರೆ ಹನ್ನೆರಡು ಕಂಬಗಳ ಗೋಣಿತಾಟೂ ತೊಪ್ಪೆಯಾಗಿತ್ತು. ಬುಡದಲ್ಲಿ ನೀರು ನಿಂತಿತ್ತು. ಹೂವಿನವರೇ ಸೇರಿ ಹಾಕಿದ್ದಾರೆಂದು ಸಂತೋಷವಾಗಿ ರತ್ನಮ್ಮನಿಗೆ ಥ್ಯಾಂಕ್ಸ್ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಎಂತ ಸಾರ್ ನೀವು, ನಮಗೆ ಮುಖ ತೊಳಿಯೋಕೇ ನೀರಿಲ್ಲ. ನಿಮ್ಮ ಆಫೀಸಿನವ್ರೇ ಹಾಕಿದಾರೆ ಅಂದ್ಕೊಂಡಿದೀವಿ ನಾವು."

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅಲ್ಲಿ ಕಾವಲುಗಾರನಿರಲಿಲ್ಲ, ಟ್ಯಾಂಕರ್ ಬಂದುಹೋದ ಗುರುತಿರಲಿಲ್ಲ. ನೋಡಿಯೇಬಿಡೋಣವೆಂದು ನಾಲ್ಕನೇ ದಿನ ಬೆಳಿಗ್ಗೆ ಐದಕ್ಕೇ ಹೋಗಿ ರತ್ನಮ್ಮನ ಪಕ್ಕ ಒಂದು ಬುಟ್ಟಿ ಮಗುಚಿಕೊಂಡು ಕೂತೆ. ಕಡೂರು ಕಡೆಯಿಂದ ಬಂದ ಸೇವಂತಿಗೆ ಕಟ್ಟುತ್ತಿದ್ದ ಅವರು ನನಗೊಂದು ಲೋಟ ಕಾಫಿ ಬಗ್ಗಿಸಿ ಕೊಟ್ಟರು. ಆರೂಮುಕ್ಕಾಲರ ಹೊತ್ತಿಗೆ ಚೆನ್ನಾಗಿ ಬೆಳಕಾಯಿತು. ಕಂಬಗಳೆಲ್ಲ ಒಣಗಿ ನಿಂತಿದ್ದವು, ಹತ್ತಿರ ಒಬ್ಬರೂ ಇರಲಿಲ್ಲ.

ಆಗ ಮೊದಲನೇ ಕಂಬದ ಗೋಣಿತಾಟು ಮೇಲಿನಿಂದ ಕೆಳಕ್ಕೆ ಕಪ್ಪಾಗುತ್ತ ಬಂತು. ನೀರು ಜಾರಿ ಬುಡಕ್ಕಿಳಿದದ್ದು ನಮಗೆ ಕಾಣಿಸಿತು. ಒಬ್ಬರು ಕೊಡ ತುಂಬಿಸಿಕೊಂಡು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎರಡನೆಯದು. ಮತ್ತೆ ಅಷ್ಟೇ ಹೊತ್ತು ಬಿಟ್ಟು ಮೂರನೆಯದು. ನನ್ನ ಕೈಯ ಕಾಫಿ ಆರಿಹೋಯಿತು. ಮಂಜು ಬಿದ್ದಿರಬೇಕು ಎನ್ನುವವರಿಗೆ ಈಗಲೇ ಹೇಳಿಬಿಡುತ್ತೇನೆ, ನನ್ನ ಸ್ಕೂಟರಿನ ಸೀಟಿನ ಮೇಲೆ ಒಂದು ಹನಿಯೂ ಇರಲಿಲ್ಲ. ರತ್ನಮ್ಮ ದಾರ ಹಿಡಿದ ಕೈ ನಿಲ್ಲಿಸಿ ನೋಡುತ್ತಿದ್ದರು. ಎಂಟನೆಯದು ನೆನೆದಾಗ ಮೆಲ್ಲಗೆ, "ಅದಕ್ಕೆ ಆಚೆ ಬದಿಗೆ ಸರಿಯಾಗಿ ಬೀಳ್ಲಿಲ್ಲ ನೋಡಿ" ಎಂದರು. ಸ್ವಲ್ಪ ಹೊತ್ತಿಗೆ ಎಂಟನೆಯದರ ಆಚೆ ಬದಿಯೂ ನೆನೆಯಿತು. ಹನ್ನೆರಡು ಮುಗಿದ ಮೇಲೆ ನಾನು ಹೋಗಿ ಮುಟ್ಟಿದೆ. ಬಾವಿಯಿಂದ ಆಗಷ್ಟೇ ಸೇದಿದ ನೀರಿನಷ್ಟು ತಣ್ಣಗಿತ್ತು. ಕಂಬದ ತಲೆಯಲ್ಲಿ ಪೈಪು ಏನೂ ಇರಲಿಲ್ಲ, ಬರೀ ಕಬ್ಬಿಣದ ಕಂಬಿಗಳಿದ್ದವು. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಎರಡು ವಾರ ತುಂಬಿದ ದಿನ ಅದು ತಾನಾಗಿ ನಿಂತಿತು. ನಾನು ಯಾರಿಗೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ, ಆ ಕಂಬಗಳನ್ನು ಇಟ್ಟುಕೊಳ್ಳುವುದೋ ಒಡೆದು ಹೊಸದಾಗಿ ಟೆಂಡರ್ ಕರೆಯುವುದೋ ಎಂಬ ಪ್ರಶ್ನೆ ಎದ್ದಿತು. ನಾನು ಪರೀಕ್ಷೆ ಮಾಡಿಸಿದೆ. ಹನ್ನೆರಡೂ ಪಾಸಾದವು. ಆದರೆ ಕ್ಯೂರಿಂಗ್ ರಿಜಿಸ್ಟರಿನಲ್ಲಿ ಗುತ್ತಿಗೆದಾರ ಓಡಿಹೋದ ದಿನದಿಂದ ಮುಂದೆಲ್ಲ ಖಾಲಿ. ಮೇಲಧಿಕಾರಿ ಅದನ್ನು ನನ್ನ ಮುಂದಕ್ಕೆ ತಳ್ಳಿದರು.

"ನೀರು ಯಾರು ಹಾಕಿದ್ರು ಅಂತ ಒಂದು ಹೆಸರು ಬರೆದು ಸಹಿ ಮಾಡ್ರಿ. ಇವತ್ತೇ ಫೈಲ್ ಮುಂದೆ ಕಳಿಸ್ತೀನಿ."

ಇಡೀ ಸರ್ವೀಸಿನಲ್ಲಿ ಸುಳ್ಳು ದಾಖಲೆಗೆ ಸಹಿ ಹಾಕಿದವನಲ್ಲ ಎಂಬ ಹಮ್ಮು ನನಗೆ. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಕಡೆಗೆ 'ಗೊತ್ತಿಲ್ಲ' ಎಂದು ಬರೆದು ಸಹಿ ಮಾಡಿದೆ. ಆ ಒಂದು ಪದದ ಮೇಲೆ ಕಂಬಗಳನ್ನು ಕೆಡವಲು ಆದೇಶವಾಯಿತು.

ಒಡೆಯಲು ನಾಲ್ಕು ದಿನ ಹಿಡಿಯಿತು. ಯಂತ್ರದವನು ಎರಡು ಸಲ ಉಳಿ ಬದಲಾಯಿಸಿದ. "ಒಳ್ಳೆ ನೀರು ಕುಡ್ದಿದೆ ಸಾರ್ ಇದು, ಯಾಕೆ ಒಡೆಸ್ತೀರಿ?" ಎಂದು ಕೇಳಿದ. ಹೊಸ ಟೆಂಡರು ಇವತ್ತಿಗೂ ಆಗಿಲ್ಲ. ಆ ಜಾಗದಲ್ಲೀಗ ಬೈಕು ನಿಲ್ಲಿಸುತ್ತಾರೆ. ಹೂವಿನವರು ಆ ಮಳೆಗಾಲವನ್ನೂ ಆಮೇಲಿನವನ್ನೂ ಚರಂಡಿ ಪಕ್ಕದಲ್ಲೇ ಕಳೆದರು.

ಆ ನೀರಿನ ವಿಷಯವನ್ನು ಎಷ್ಟು ಕಡೆಯಿಂದ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಕೊನೆಯ ಕಂಬ ಬಿದ್ದ ದಿನ ರಿಜಿಸ್ಟರಿನ ಸಂಗತಿಯನ್ನು ರತ್ನಮ್ಮನಿಗೆ ಹೇಳಿದ್ದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ನನ್ನ ಹೆಸ್ರು ಬರೀಬಹುದಿತ್ತಲ್ಲ ಸಾರ್," ಎಂದರು. "ನಾನು ಬೇಡ ಅಂತಿದ್ನಾ?"

ಅಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದ ನನಗೆ ಅದೊಂದು ಯಾಕೆ ಹೊಳೆಯಲಿಲ್ಲವೋ, ಅದೂ ಗೊತ್ತಿಲ್ಲ.