ಉಸುಕು ಹಾಕದ ಹಲಗೆ

ಉಸುಕು ಮರೆತದ್ದು ನೀವಲ್ಲ, ಬಸಣ್ಣ ಕಾಕಾ. ಬೇಡವೆಂದು ತಡೆದವನು ನಾನು. ಆಮೇಲೆ 'ಪೇಂಟರ್ ಮರೆತಿದ್ದಾನೆ' ಎಂದು ಬರೆದುಕೊಟ್ಟವನೂ ನಾನೇ. ನಾಲ್ಕು ವರ್ಷವಾಯಿತು.

ಮುಧೋಳದ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಚಿಂಚೋಳಿ ಕಡೆಯ ಜಲಾಶಯದಲ್ಲಿ ದೋಣಿಗಳ ಉಸ್ತುವಾರಿ ಸಿಕ್ಕ ಮೇಲೆ, ಹೆಸರಿನ ಮುಂದೆ ಬಿ.ಎ. ಎಂದು ಬರೆಯದೆ ಒಂದು ಚೀಟಿಗೂ ಸಹಿ ಹಾಕಿದವನಲ್ಲ. ದೊಡ್ಡ ದೋಣಿಯ ಹಿಂಬದಿಗೆ, ನೀರಿನ ಮಟ್ಟಕ್ಕೆ, ಈಜುವವರು ಇಳಿದು ಹತ್ತುವ ಫೈಬರ್ ಹಲಗೆಯೊಂದಿತ್ತು. ಬಿಸಿಲಿಗೆ ಬಣ್ಣ ಹೋಗಿ, ಮುಟ್ಟಿದರೆ ಕೈಗೆ ಸುಣ್ಣದಂತೆ ಹತ್ತುತ್ತಿತ್ತು. ಮೇಲಿನವರು ನೋಡಲು ಬರುವವರಿದ್ದರು. ಅದಕ್ಕೇ ಶಹಾಬಾದಿನಿಂದ ನಿಮ್ಮನ್ನು ಕರೆಸಿದೆ — ಕಬ್ಬಿಣದ ಬಾಗಿಲನ್ನು ಬರೀ ಬಣ್ಣದಿಂದ ತೇಗದ ಬಾಗಿಲು ಮಾಡುವ ಕೈ ನಿಮ್ಮದು.

ತಿಕ್ಕಿದಿರಿ. ಹಳದಿ ಬಳಿದಿರಿ. ಅದರ ಮೇಲೆ ಕಂದು ಬಳಿದು, ಹಸಿ ಇರುವಾಗಲೇ ಬಾಚಣಿಗೆ ಎಳೆದಿರಿ. ತೇಗದ ಗೆರೆಗಳೆದ್ದವು. ಆಮೇಲೆ ಜರಡಿ ಹಿಡಿದ ಉಸುಕಿನ ಡಬ್ಬಿ ತೆಗೆದಿರಿ.

"ಕೊನೀ ವಾರ್ನಿಷ್ ಮ್ಯಾಲ ಇದು ಉದುರಿಸ್ಬೇಕ್ರಿ. ಇಲ್ಲಂದ್ರ ಹಸಿ ಕಾಲು ನಿಲ್ಲಂಗಿಲ್ಲ."

"ಬ್ಯಾಡ ಕಾಕಾ, ಫೋಟೋದಾಗ ಕಜ್ಜಿ ಎದ್ದಂಗ ಕಾಣ್ತದ."

"ಸಾಹೇಬ್ರ, ನಿಮ್ಮ ಮನಿ ಬಚ್ಚಲದಾಗ ಪಾಲಿಶ್ ಕಲ್ಲು ಹಾಕ್ಯಾರೇನ್ರಿ?" ಎಂದು ನಕ್ಕಿರಿ.

ನಾನೂ ನಕ್ಕೆ. ನನಗೆ ಗೊತ್ತಿತ್ತು — ನಮ್ಮ ಕಡೆ ಬಚ್ಚಲಿಗೆ ಕಲ್ಲಿನ ಒರಟು ಮುಖವನ್ನೇ ಮೇಲೆ ಮಾಡಿ ಹಾಸುತ್ತಾರೆ. ನಮ್ಮವ್ವ ಮುಂದೆ ನಿಂತು ಹಾಗೇ ಹಾಸಿಸಿದ್ದಳು. ಆದರೂ ಡಬ್ಬಿ ಕಸಿದು ಆಫೀಸಿನಲ್ಲಿಟ್ಟು, ಬರೀ ವಾರ್ನಿಷ್ ಬಳಿಸಿದೆ.

ಮೂರನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ದೋಣಿ ನಡೆಸುವ ಶರಣಪ್ಪ ಹಗ್ಗ ಬಿಚ್ಚಲು ಹಲಗೆಗೆ ಇಳಿದ. ಹಿಮ್ಮಡಿ ಜಾರಿತು. ತಲೆ ಎಂಜಿನ್ನಿಗೆ ಬಡಿದ ಸದ್ದು — ಆಮೇಲೆ ನೀರು ಸುಮ್ಮನಾಯಿತು. ಎತ್ತಿದಾಗ ಉಸಿರಿರಲಿಲ್ಲ.

ವಿಚಾರಣೆಯಲ್ಲಿ ನೀವು ನನ್ನ ಮುಖ ನೋಡಿ, "ಸಾಹೇಬ್ರಿಗೆ ಗೊತ್ತದರಿ" ಎಂದಷ್ಟೇ ಅಂದಿರಿ. ನಾನು 'ಮರೆತಿದ್ದಾನೆ' ಎಂದೇ ಬರೆದೆ — ಅದಾದ ಮೇಲೆ ನಿಮ್ಮ ಕೈಗೆ ಯಾರೂ ಒಂದು ಬಾಗಿಲನ್ನೂ ಕೊಡಲಿಲ್ಲ.

ಹಲಗೆಯ ಮೇಲೆ ಶರಣಪ್ಪನ ಹಿಮ್ಮಡಿ ಎಳೆದ ಗೆರೆ ಉಳಿದಿತ್ತು, ನಿಮ್ಮ ಗೆರೆಗಳಿಗೆ ಅಡ್ಡವಾಗಿ. ಬೇರೆಯವರಿಂದ ಎರಡು ಸಲ ತಿಕ್ಕಿಸಿ ಬಳಿಸಿದೆ. ಎರಡೂ ಸಲ, ಬಣ್ಣ ಒಣಗುತ್ತಿದ್ದಂತೆ, ಅದೇ ಜಾಗದಲ್ಲಿ ಎದ್ದಿತು. ಕಳೆದ ವಾರ ಹಲಗೆ ಬಿಚ್ಚಿಸಿ ಶೆಡ್ಡಿನ ಗೋಡೆಗೆ ಒರಗಿಸಿದೆ. ನೀರಿನಿಂದ ದೂರ, ಬೀಗದ ಕೈ ನನ್ನ ಹತ್ತಿರವೇ. ನಿನ್ನೆ ಹನ್ನೊಂದಕ್ಕೆ ಬಾಗಿಲು ತೆಗೆದರೆ — ಆ ಗೆರೆ ಮುಗಿಯುವಲ್ಲಿ ಒಂದು ಹಿಮ್ಮಡಿಯಷ್ಟು ಜಾಗ ಮಾತ್ರ ಹಸಿ. ಬೆರಳಿಟ್ಟು ಮೂಸಿದೆ. ಪಾಚಿಯ ವಾಸನೆ.

ಇದನ್ನು ನಂಬಿ ಎನ್ನುವುದಿಲ್ಲ. ಉಸುಕಿನ ಮಾತು ಮಾತ್ರ ನಿಜ. ಹೊಸ ಹೇಳಿಕೆ ಬರೆದಿದ್ದೇನೆ. ಈ ಸಲ ಬರೀ ಹೆಸರು, ಬಿ.ಎ. ಇಲ್ಲ. ಒಂದು ಪ್ರತಿಯನ್ನು ಇವತ್ತು ಶರಣಪ್ಪನ ಹೆಂಡತಿಯ ಕೈಗೆ ಕೊಟ್ಟು ಬಂದೆ.

ನಾಳೆ ನಿಮ್ಮ ಡಬ್ಬಿ ಹಿಡಿದು ಶಹಾಬಾದಿಗೆ ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ, ಕಾಕಾ — ಇಡೀ ಓಣಿಗೆ ಕೇಳುವಂತೆ.