ಒಂದೇ ಬುಟ್ಟಿಯ ಅಕ್ಕತಂಗಿಯರು

ಕನ್ನಡದ ಯಾವ ಪದಕ್ಕಾದರೂ ಒಂದು ‘ಲು’ ಅಂಟಿಸಿದರೆ ತೆಲುಗಾಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದವರು ನಮ್ಮ ವಿರೂಪಾಕ್ಷಪ್ಪನವರು. ಗದಗಿನ ಕಡೆಯವರು, ನಮ್ಮದೇ ಬ್ಯಾಂಕಿನ ಕ್ಲರ್ಕು. ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ ನನ್ನ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಒಮ್ಮೆ ತಮ್ಮ ಮೊಲಗಳಿಗೆ ಔಷಧಿ ಕೇಳಲು ಹೋಗಿ, ಅಂಗಡಿಯಲ್ಲಿ ಅಷ್ಟು ಜನರ ಮುಂದೆ, “ಮಾಕು ರೆಂಡು ಮೊಲಲು ಉನ್ನಾಯಿ” ಎಂದರು, ನಮ್ಮಲ್ಲಿ ಎರಡು ಮೊಲಗಳಿವೆ ಎನ್ನುವ ಅರ್ಥದಲ್ಲಿ. ಅಂಗಡಿಯವನು ಮರುಕದಿಂದ ನೋಡಿ ಮೂಲವ್ಯಾಧಿಯ ಮುಲಾಮು ಕೊಟ್ಟ. ತೆಲುಗಿನಲ್ಲಿ ಮೊಲಲು ಎಂದರೆ ಅದೇ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಎರಡೂ ಹೆಣ್ಣು ಮೊಲಗಳು, ಬೇರೆ ಬೇರೆ ಮನೆಯಿಂದ ಬಂದವು. ಒಂದೇ ಗೂಡಿಗೆ ಹಾಕಿದರೆ ಕಚ್ಚಾಡುತ್ತವೆ ಎಂದು ಎಲ್ಲರೂ ಹೆದರಿಸಿದ್ದರು. ಇವರು ತಿಂಗಳುಗಟ್ಟಲೆ ನಡುವೆ ಜಾಲರಿ ಇಟ್ಟು, ಇದರ ಹಾಸುಬಟ್ಟೆ ಅದಕ್ಕೆ, ಅದರದು ಇದಕ್ಕೆ ಹಾಕುತ್ತ ಒಗ್ಗಿಸಿದರು. “ಗುರುತೆಲ್ಲಾ ವಾಸನಿ ಒಳಗ ಐತ್ರಿ ಸರ. ಮಾರಿ ನೋಡಿ ಗುರುತು ಹಿಡಿಯೂದು ನಾವು ಮಂದಿ ಅಷ್ಟ” ಎನ್ನುತ್ತಿದ್ದರು. ಹೆಸರು ಅಕ್ಕವ್ವ, ತಂಗೆವ್ವ. ಕರೆಯುವುದು ಮಾತ್ರ ಒಂದೇ ಉಸಿರಿನಲ್ಲಿ, “ಅಕ್ಕವ್ವತಂಗೆವ್ವಾ!” ಎಂದು. ಎರಡೂ ಒಟ್ಟಿಗೇ ಓಡಿ ಬರುತ್ತಿದ್ದವು.

ಒಂದು ವಾರದ ತರಬೇತಿಗೆಂದು ಅವರು ವಿಜಯವಾಡಕ್ಕೆ ಹೊರಟಾಗ ಬೀಗದ ಕೈ ನನಗೆ ಕೊಟ್ಟರು. ಆಟೊ ಹತ್ತಿದವರು ಮತ್ತೆ ಇಳಿದು ಬಂದು, “ಎಲ್ಲಿಗಾದ್ರೂ ಒಯ್ಯೂದಾದ್ರ ಇಬ್ಬರನ್ನೂ ಒಂದ ಬುಟ್ಟಿಯೊಳಗ ಒಯ್ರಿ ಸರ” ಎಂದರು. “ಆಯ್ತು, ಹೋಗಿ ಬನ್ನಿ” ಎಂದೆ.

ಮೂರನೆಯ ದಿನ ತಂಗೆವ್ವ ಮೇವು ಬಿಟ್ಟಿತು. ಚೆನ್ನಾಗಿರುವ ಅಕ್ಕವ್ವನಿಗೆ ಯಾಕೆ ತೊಂದರೆ ಎಂದು ನನ್ನ ಬುದ್ಧಿ ಓಡಿಸಿ, ತಂಗೆವ್ವನನ್ನಷ್ಟೇ ದನದ ಡಾಕ್ಟರ ಬಳಿಗೆ ಒಯ್ದೆ. ಎರಡು ದಿನ ಅಲ್ಲೇ ಇಟ್ಟುಕೊಂಡು ಗುಣಪಡಿಸಿದರು. ಹೆಮ್ಮೆಯಿಂದ ತಂದು ಗೂಡಿಗೆ ಬಿಟ್ಟೆ. ಮೈತುಂಬ ಆಸ್ಪತ್ರೆಯ ವಾಸನೆ. ಅಕ್ಕವ್ವ ಒಮ್ಮೆ ಮೂಸಿತು, ಮರುಕ್ಷಣ ಮೇಲೆ ಬಿತ್ತು. ನಾನು ಬಿಡಿಸುವಷ್ಟರಲ್ಲಿ ತಂಗೆವ್ವನ ಕಿವಿ ಹರಿದಿತ್ತು.

ವಾಪಸು ಬಂದ ವಿರೂಪಾಕ್ಷಪ್ಪನವರು ಆಸ್ಪತ್ರೆಯ ಸುದ್ದಿ ಕೇಳಿ ಆ ಕಿವಿಯನ್ನು ಬಹಳ ಹೊತ್ತು ನೋಡಿದರು. “ಇಬ್ಬರನ್ನೂ ಒಯ್ದಿದ್ರಿ, ಹೌದಲ್ರಿ?”

“ಇಲ್ಲ” ಎಂದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಹಳೆಯ ಜಾಲರಿಯನ್ನು ಅಟ್ಟದಿಂದ ಇಳಿಸಿ ಮತ್ತೆ ನಡುವೆ ನಿಲ್ಲಿಸಿದರು. ಮತ್ತೆ ಬಟ್ಟೆ ಅದಲುಬದಲು. ಅವು ಒಗ್ಗುವ ಮೊದಲೇ ಅವರಿಗೆ ವಿಜಯವಾಡಕ್ಕೆ ವರ್ಗದ ಆದೇಶ ಬಂತು.

ದುವ್ವಾಡ ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಕಿಟಕಿಯ ಬಳಿ ಕೂತಿದ್ದರು, ಎಡಕ್ಕೊಂದು ಬುಟ್ಟಿ, ಬಲಕ್ಕೊಂದು ಬುಟ್ಟಿ. ಒಳಗೇನಿದೆ ಎಂದು ಎದುರಿನವನು ಕೇಳಿದ. “ಮೊಲಲು” ಎಂದರು. ಅವನು ಕಕ್ಕಾಬಿಕ್ಕಿಯಾದ. ನನಗೆ ನಗು ಬರಲಿಲ್ಲ.

ರೈಲು ಅಲುಗಿತು. ಅವರು ಎಡಕ್ಕೆ ಬಗ್ಗಿ, “ಅಕ್ಕವ್ವಾ” ಎಂದರು. ಸ್ವಲ್ಪ ತಡೆದು, ಬಲಕ್ಕೆ ಹೊರಳಿ, “ತಂಗೆವ್ವಾ” ಎಂದರು.